ಲಿವರ್ ಕ್ಯಾನ್ಸರ್: ಆಸ್ಪತ್ರೆಯ ಎಣಿಕೆ ಜಿಲ್ಲೆಯ ಲೆಕ್ಕವಲ್ಲ

ಸಂಪಾದಕರಿಗೆ,

‘ಮಲೆನಾಡಿನಲ್ಲಿ ಲಿವರ್ ಕ್ಯಾನ್ಸರ್ ಏರುತ್ತಿದೆ, ಹತ್ತರಲ್ಲಿ ಎಂಟು ಮಂದಿ ಬರುವುದೇ ಕೊನೆಯ ಹಂತದಲ್ಲಿ’ ಎಂಬ ಧಾಟಿಯ ಸಾಲುಗಳು ಪತ್ರಿಕೆಗಳಲ್ಲಿ ಆಗಾಗ ಅಚ್ಚಾಗುತ್ತವೆ. ಒಂದೇ ಸಾಲಿನಲ್ಲಿ ಎರಡು ಬೇರೆ ಬೇರೆ ಲೆಕ್ಕಗಳು ಕಲಸಿಹೋಗಿವೆ. ಬಿಡಿಸಿ ನೋಡದಿದ್ದರೆ ಕಾಯಿಲೆ ಒಂದು ಕಡೆ, ಖರ್ಚು ಇನ್ನೊಂದು ಕಡೆ ಆಗುತ್ತದೆ.

ತಲಾ 17.5 ಲಕ್ಷ ಜನರಿರುವ ಎರಡು ಜಿಲ್ಲೆಗಳನ್ನು ಊಹಿಸಿಕೊಳ್ಳಿ. 2011ರ ಜನಗಣತಿಯಲ್ಲಿ ಶಿವಮೊಗ್ಗ ಜಿಲ್ಲೆ ಹೆಚ್ಚುಕಡಿಮೆ ಇಷ್ಟೇ ಇತ್ತು. ಮೊದಲನೆಯದರಲ್ಲಿ ವರ್ಷಕ್ಕೆ 50 ಹೊಸ ರೋಗಿಗಳು. ಅವರಲ್ಲಿ 40 ಮಂದಿ ಕೊನೆಯ ಹಂತದವರು. ಎರಡನೆಯದರಲ್ಲಿ 100 ಹೊಸ ರೋಗಿಗಳು. 50 ಮಂದಿ ಕೊನೆಯ ಹಂತದವರು. ಶೇಕಡಾ ಲೆಕ್ಕದಲ್ಲಿ 80 ಮತ್ತು 50, ಅಂದರೆ ಮೊದಲ ಜಿಲ್ಲೆಯ ಸ್ಥಿತಿ ಕೆಟ್ಟದ್ದು. ಕೊನೆಯ ಹಂತದವರ ಸಂಖ್ಯೆಯನ್ನೇ ಜನಸಂಖ್ಯೆಯಿಂದ ಭಾಗಿಸಿದರೆ ಲಕ್ಷಕ್ಕೆ 2.3 ಮತ್ತು 2.9, ಈಗ ಎರಡನೆಯದು ಕೆಟ್ಟದ್ದು. ಎರಡೂ ಸರಿಯೇ. ಮೊದಲ ಜಿಲ್ಲೆಯಲ್ಲಿ ರೋಗ ಹೆಚ್ಚಿಲ್ಲ, ಆದರೆ ತಡವಾಗಿ ಸಿಗುತ್ತಿದೆ. ಅಲ್ಲಿಗೆ ಬೇಕಾದದ್ದು ಸ್ಕ್ಯಾನಿಂಗ್. ಎರಡನೆಯದರಲ್ಲಿ ರೋಗವೇ ಹೆಚ್ಚು; ಅಲ್ಲಿ ಹುಡುಕಬೇಕಾದದ್ದು ಹೆಪಟೈಟಿಸ್ ಬಿ ಮತ್ತು ಸಿ, ಕುಡಿತ, ಸಕ್ಕರೆ ಕಾಯಿಲೆಯ ಬೆನ್ನಿಗೆ ಬರುವ ಫ್ಯಾಟಿ ಲಿವರ್.

ಶೇಕಡಾ 80 ಎಂಬ ಅಂಕಿಯನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ. ನೂರು ರೋಗಿಗಳ ಕಡತದಲ್ಲಿ 40 ಮಂದಿಗೆ ಹಂತವನ್ನೇ ಬರೆದಿಲ್ಲ ಎನ್ನಿ. ಉಳಿದ 60ರಲ್ಲಿ 48 ಮಂದಿ ಕೊನೆಯ ಹಂತದವರಾದರೆ ವರದಿಯಲ್ಲಿ ಶೇ 80 ಎಂದೇ ಬರುತ್ತದೆ. ಹಂತ ಬರೆಯದ 40 ಮಂದಿಯೂ ಕೊನೆಯ ಹಂತದವರಾಗಿದ್ದರೆ ನಿಜ 88. ಒಬ್ಬರೂ ಅಲ್ಲದಿದ್ದರೆ 48. ಖಾಲಿ ಬಿಟ್ಟ ಒಂದು ಕಾಲಂ ಇಷ್ಟು ಆಟ ಆಡಿಸುತ್ತದೆ.

ಇನ್ನು ‘ಕೊನೆಯ ಹಂತ’ ಯಾವುದು? ಬೇರೆ ಕ್ಯಾನ್ಸರುಗಳಲ್ಲಿ ಗೆಡ್ಡೆ ಎಷ್ಟು ಹರಡಿದೆ ಎಂಬುದೇ ಮುಖ್ಯ. ಲಿವರ್ ವಿಷಯ ಹಾಗಲ್ಲ, ಗೆಡ್ಡೆ ಬೆಳೆಯುವುದೇ ಬಹುಪಾಲು ಆಗಲೇ ಸಿರೋಸಿಸ್‌ನಿಂದ ಗಟ್ಟಿಯಾದ ಲಿವರಿನಲ್ಲಿ. ಮೂರು ಸೆಂಟಿಮೀಟರಿನ ಒಂದೇ ಗೆಡ್ಡೆ, ರಕ್ತನಾಳಕ್ಕೆ ಇಳಿದಿಲ್ಲ. ಆದರೆ ಹೊಟ್ಟೆಯಲ್ಲಿ ನೀರು, ಕಣ್ಣು ಹಳದಿ, ರೋಗಿ ಹಾಸಿಗೆ ಹಿಡಿದಿದ್ದಾರೆ. ಗೆಡ್ಡೆಯನ್ನಷ್ಟೇ ಅಳೆಯುವ ಟಿಎನ್‌ಎಂ ಪದ್ಧತಿಯಲ್ಲಿ ಇದು ಒಂದನೇ ಹಂತ. ಲಿವರ್ ಎಷ್ಟು ಕೆಲಸ ಮಾಡುತ್ತಿದೆ ಎಂಬುದನ್ನೂ ಸೇರಿಸಿ ನೋಡುವ ಬಾರ್ಸಿಲೋನಾ ಪದ್ಧತಿಯಲ್ಲಿ, ಲಿವರ್ ಕಸಿಗೆ ಅವಕಾಶವಿಲ್ಲದಿದ್ದರೆ, ಅದೇ ರೋಗಿ ‘ಡಿ’, ಅಂದರೆ ಕೊನೆಯ ಹಂತ. ಒಂದು ಜಿಲ್ಲೆ ಟಿಎನ್‌ಎಂ, ಪಕ್ಕದ ಜಿಲ್ಲೆ ಬಾರ್ಸಿಲೋನಾ ಬಳಸಿದ್ದರೆ ಎರಡನ್ನೂ ಒಂದೇ ನಕ್ಷೆಯಲ್ಲಿ ಬಣ್ಣ ಬಳಿದು ಹೋಲಿಸುವುದು ವ್ಯರ್ಥ.

ಎಣಿಕೆಯಲ್ಲಿ ತಪ್ಪುವುದು ಮತ್ತೂ ಕೆಳಗೆ. ತೀರ್ಥಹಳ್ಳಿ, ಹೊಸನಗರದ ರೋಗಿಗಳು ಘಟ್ಟ ಇಳಿದು ಮಣಿಪಾಲಕ್ಕೆ ಹೋಗುತ್ತಾರೆ. ಸೊರಬ, ಶಿಕಾರಿಪುರದ ಕಡೆಯವರು ಹುಬ್ಬಳ್ಳಿಗೋ ದಾವಣಗೆರೆಗೋ. ದುಡ್ಡೋ ನೆಂಟರೋ ಇದ್ದವರು ಬೆಂಗಳೂರಿಗೆ. ಹಾಗಾಗಿ ಶಿವಮೊಗ್ಗದ ಯಾವುದೇ ಒಂದು ಆಸ್ಪತ್ರೆಯ ರಿಜಿಸ್ಟರು ಜಿಲ್ಲೆಯ ಕಥೆ ಹೇಳಲಾರದು. ನೆಂಟರ ಮನೆಯ ವಿಳಾಸ ಕೊಟ್ಟರೆ ರೋಗಿ ನಮ್ಮ ಲೆಕ್ಕದಿಂದ ಜಾರಿಹೋಗುತ್ತಾರೆ. ಜನಸಂಖ್ಯೆ ಆಧಾರಿತ ನೋಂದಣಿಯಲ್ಲಿ (ಒಂದು ಪ್ರದೇಶದ ನಿವಾಸಿಗಳಲ್ಲಿ ಕಂಡ ಎಲ್ಲ ಕ್ಯಾನ್ಸರ್ ರೋಗಿಗಳನ್ನೂ ಬರೆದಿಡುವ ಪಟ್ಟಿ) ಅದಕ್ಕೇ ಒಂದು ನಿಯಮವಿದೆ: ಚಿಕಿತ್ಸೆ ಎಲ್ಲಿಯೇ ಆಗಲಿ, ರೋಗ ಪತ್ತೆಯಾಗುವ ಹೊತ್ತಿಗೆ ಕನಿಷ್ಠ ಒಂದು ವರ್ಷದಿಂದ ವಾಸವಿರುವ ಊರಿನ ಲೆಕ್ಕಕ್ಕೇ ರೋಗಿ ಸೇರಬೇಕು. ಕಿದ್ವಾಯಿ ಸಂಸ್ಥೆಯಲ್ಲಿ 1982ರಿಂದ ನಡೆದಿರುವ ಬೆಂಗಳೂರಿನ ನೋಂದಣಿ ಬೆಂಗಳೂರಿನ ನಿವಾಸಿಗಳದ್ದು; ಅದರ ದರವನ್ನು ಎರವಲು ತಂದು ಸಾಗರಕ್ಕೆ ಅಂಟಿಸುವಂತಿಲ್ಲ. ಹಳ್ಳಿಗಾಡಿನಲ್ಲಿ ಇದು ಆಗದ ಕೆಲಸ ಎನ್ನುವವರು ಮಹಾರಾಷ್ಟ್ರದ ಬಾರ್ಶಿಯತ್ತ ನೋಡಲಿ. ಅಲ್ಲಿ 1987ರಿಂದ ಸಿಬ್ಬಂದಿ ಊರೂರಿಗೆ ಹೋಗಿ ಬರೆದುಕೊಳ್ಳುತ್ತಿದ್ದಾರೆ. ಅಷ್ಟೇಕೆ, 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆಯನ್ನು ಇದೇ ಜಿಲ್ಲೆ ಊರಿನ ಹೆಸರು ಹಿಡಿದು ಎಣಿಸುತ್ತ ಬಂದಿದೆ.

ಲಿವರ್ ಕ್ಯಾನ್ಸರ್ ಎಣಿಸುವವರು ಬಯಾಪ್ಸಿ ಲ್ಯಾಬಿನ ಪುಸ್ತಕವನ್ನೇ ನೆಚ್ಚಿಕೊಂಡರೆ ಬಹಳ ಮಂದಿ ತಪ್ಪಿಹೋಗುತ್ತಾರೆ. ಸಿರೋಸಿಸ್ ಇರುವವರಿಗೆ ಟ್ರಿಪಲ್ ಫೇಸ್ ಸಿಟಿ ಮಾಡುತ್ತಾರೆ: ನಾಳಕ್ಕೆ ಬಣ್ಣದ ಔಷಧಿ ಕೊಟ್ಟಾಗ ಗೆಡ್ಡೆ ಮೊದಲು ಸುತ್ತಲ ಲಿವರಿಗಿಂತ ಬೆಳ್ಳಗೆ ಹೊಳೆದು, ಸ್ವಲ್ಪ ಹೊತ್ತಿನ ನಂತರದ ಚಿತ್ರದಲ್ಲಿ ಕಪ್ಪಾದರೆ, ಸೂಜಿ ಚುಚ್ಚದೆಯೇ ರೋಗ ಖಚಿತ. ಲ್ಯಾಬಿಗೆ ಗೆಡ್ಡೆಯ ಚೂರೂ ಹೋಗುವುದಿಲ್ಲ, ಪುಸ್ತಕದಲ್ಲಿ ಹೆಸರೂ ಇರುವುದಿಲ್ಲ. ಆದ್ದರಿಂದ ಸ್ಕ್ಯಾನಿಂಗ್ ವಿಭಾಗದ ವರದಿಗಳನ್ನೂ ತಿರುವಿಹಾಕಬೇಕು. ಇದಕ್ಕೆ ತಿರುಗುಮುರುಗಾದ ತಪ್ಪೂ ಉಂಟು. ಜಠರ, ಕರುಳು, ಸ್ತನದ ಕ್ಯಾನ್ಸರ್ ಲಿವರಿಗೆ ಹರಡಿದ್ದನ್ನೂ ‘ಲಿವರ್ ಕ್ಯಾನ್ಸರ್’ ಎಂದೇ ಬರೆದುಬಿಡುತ್ತಾರೆ. ಲಿವರಿನಲ್ಲೇ ಹುಟ್ಟಿದ್ದಕ್ಕೆ ಸಿ22, ಹರಡಿ ಬಂದದ್ದಕ್ಕೆ ಸಿ78.7 ಎಂಬ ಸಂಕೇತಗಳಿವೆ. ಎರಡನೆಯದು ಸ್ವಭಾವತಃ ಮುಂದುವರಿದ ರೋಗ. ಅದು ನುಸುಳಿದರೆ ಕೊನೆಯ ಹಂತದವರ ಪಾಲು ಸುಮ್ಮನೆ ಉಬ್ಬುತ್ತದೆ.

ತಾಲ್ಲೂಕುವಾರು ಅಂಕಿಗಳ ಬಗ್ಗೆ ಒಂದು ಎಚ್ಚರಿಕೆ. ದೇಶದ ದರ ಲಕ್ಷಕ್ಕೆ ಮೂರರ ಆಸುಪಾಸು. ಹಾಗಿದ್ದರೆ 1.2 ಲಕ್ಷ ಜನರ ತಾಲ್ಲೂಕಿನಲ್ಲಿ ವರ್ಷಕ್ಕೆ ಮೂರೋ ನಾಲ್ಕೋ ರೋಗಿಗಳು. ಈ ವರ್ಷ 4, ಮುಂದಿನ ವರ್ಷ 8 ಆದರೆ ‘ದುಪ್ಪಟ್ಟು’ ಎಂಬ ಶೀರ್ಷಿಕೆ ಸಿದ್ಧ. ಆದರೆ ಬರೀ ಆಕಸ್ಮಿಕದಿಂದಲೇ 4ರ ಹಿಂದಿನ ನಿಜವಾದ ಸರಾಸರಿ 1.1ರಿಂದ 10.2ರವರೆಗೆ, 8ರ ಹಿಂದಿನದು 3.5ರಿಂದ 15.8ರವರೆಗೆ ಎಲ್ಲಿಯಾದರೂ ಇರಬಹುದು. ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಅಂಕಿಅಂಶಗಳಲ್ಲಿ 16ಕ್ಕಿಂತ ಕಡಿಮೆ ಪ್ರಕರಣಗಳಿದ್ದರೆ ದರವನ್ನೇ ಪ್ರಕಟಿಸುವುದಿಲ್ಲ. ನಮ್ಮ ತಾಲ್ಲೂಕುಗಳಿಗೆ ಐದು ವರ್ಷಗಳನ್ನು ಕೂಡಿಸಿದ ಮೇಲೆಯೇ ಬಾಯಿ ತೆರೆಯುವುದು ಕ್ಷೇಮ.

ವಯಸ್ಸೂ ಲೆಕ್ಕ ಕೆಡಿಸುತ್ತದೆ. ಹುಡುಗರೆಲ್ಲ ಬೆಂಗಳೂರು ಸೇರಿ, ತೋಟ ನೋಡಿಕೊಂಡು ಹಿರಿಯರಷ್ಟೇ ಉಳಿದ ಊರುಗಳು ಮಲೆನಾಡಿನಲ್ಲಿ ಎಷ್ಟಿಲ್ಲ! ಐವತ್ತರೊಳಗಿನವರಲ್ಲಿ ರೋಗ ಲಕ್ಷಕ್ಕೆ 0.5, ಐವತ್ತು ದಾಟಿದವರಲ್ಲಿ 12 ಎಂದಿಟ್ಟುಕೊಳ್ಳಿ. ಹಿರಿಯರು ಶೇ 20 ಇರುವ ತಾಲ್ಲೂಕಿನ ದರ 2.8, ಶೇ 30 ಇರುವ ಕಡೆ 3.95. ಯಾರಿಗೂ ಅಪಾಯ ಹೆಚ್ಚಿಲ್ಲ, ದರ ಮಾತ್ರ ಶೇ 40ರಷ್ಟು ಹೆಚ್ಚು. ಹೋಲಿಕೆಗೆ ಬಳಸುವ ವಿಶ್ವ ಮಾನಕ ಜನಸಂಖ್ಯೆಯಲ್ಲಿ (ಎಲ್ಲ ಊರಿಗೂ ಒಂದೇ ವಯಸ್ಸಿನ ಹಂಚಿಕೆ ಇದೆಯೆಂದು ಇಟ್ಟುಕೊಳ್ಳುವ ಕಾಲ್ಪನಿಕ ಜನಸಂಖ್ಯೆ) ಲಕ್ಷಕ್ಕೆ ಸರಿಯಾಗಿ 20,000 ಮಂದಿ ಐವತ್ತು ದಾಟಿದವರು. ಅದಕ್ಕೆ ಹೊಂದಿಸಿದರೆ ಎರಡೂ ತಾಲ್ಲೂಕು 2.8ಕ್ಕೇ ಬಂದು ನಿಲ್ಲುತ್ತವೆ.

ಎಣಿಕೆ ಸರಿಯಿದೆಯೇ ಎಂದು ತಾಳೆ ನೋಡಲು ಸಾವಿನ ದಾಖಲೆ ಒಳ್ಳೆಯ ಸಾಧನ. 2020ರಲ್ಲಿ ಜಗತ್ತಿನಲ್ಲಿ ಸುಮಾರು 9.06 ಲಕ್ಷ ಹೊಸ ರೋಗಿಗಳು, 8.3 ಲಕ್ಷ ಸಾವುಗಳು. ಎರಡೂ ಅಷ್ಟು ಹತ್ತಿರ. ಆದರೆ ಮರಣ ಕಾರಣದ ಪ್ರಮಾಣಪತ್ರದಲ್ಲಿ ‘ಹೃದಯ ಸ್ತಂಭನ’ ಅಥವಾ ‘ಕಾಮಾಲೆ’ ಎಂದಷ್ಟೇ ಬರೆದರೆ ಆ ದಾರಿಯೂ ಮುಚ್ಚಿತು. ಆಸ್ಪತ್ರೆಯ ಸಾವಿಗೆ ನಮೂನೆ 4, ಮನೆಯ ಸಾವಿಗೆ ನಮೂನೆ 4ಎ ಇದೆ. ಎರಡರಲ್ಲೂ ಮೂಲ ಕಾರಣಕ್ಕೆ ಬೇರೆಯೇ ಸಾಲಿದೆ. ವೈದ್ಯ ಮಿತ್ರರು ಅದನ್ನು ತುಂಬಲಿ.

ದರ ಗೊತ್ತಾಗುವವರೆಗೆ ಕೈಕಟ್ಟಿ ಕೂರಬೇಕಿಲ್ಲ. 2018ರಲ್ಲಿ ಆರಂಭವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಬಿ ಮತ್ತು ಸಿ ಪರೀಕ್ಷೆ, ಔಷಧಿ ಎರಡೂ ಉಚಿತ. ಸಿರೋಸಿಸ್ ಇದ್ದವರಿಗೆ ಆರು ತಿಂಗಳಿಗೊಮ್ಮೆ ಹೊಟ್ಟೆಯ ಅಲ್ಟ್ರಾಸೌಂಡ್, ಜೊತೆಗೆ ರಕ್ತದಲ್ಲಿ ಎಎಫ್‌ಪಿ ಎಂಬ ಪ್ರೋಟೀನಿನ ಪರೀಕ್ಷೆ ಆಗಬೇಕು. ಗೆಡ್ಡೆ ಸಾಮಾನ್ಯವಾಗಿ ನಾಲ್ಕಾರು ತಿಂಗಳಲ್ಲಿ ಇಮ್ಮಡಿಯಾಗುವುದರಿಂದ ವರ್ಷಕ್ಕೊಮ್ಮೆ ಎಂದರೆ ತಡವಾಗುತ್ತದೆ. ಕಾಮಾಲೆಗೆ ನಾಟಿ ಔಷಧಿ ಕುಡಿಯುವವರು ಅದಕ್ಕೆ ಮೊದಲು ಒಮ್ಮೆ ಹೆಪಟೈಟಿಸ್ ಪರೀಕ್ಷೆ ಮಾಡಿಸಿಕೊಳ್ಳಲಿ.

ಪತ್ರಿಕೆಯವರಲ್ಲಿ ಒಂದು ವಿನಂತಿ: ಮುಂದಿನ ಸಲ ಇಂಥ ಅಂಕಿ ಕೈಗೆ ಬಂದಾಗ, ಒಟ್ಟು ರೋಗಿಗಳೆಷ್ಟು, ಅವರು ಯಾವ ಊರಿನವರು, ಎಷ್ಟು ಮಂದಿಯ ಹಂತ ದಾಖಲಾಗಿಲ್ಲ ಎಂದು ಕೇಳಿ, ಉತ್ತರವನ್ನೂ ಪಕ್ಕದಲ್ಲೇ ಅಚ್ಚು ಹಾಕಿ.

— ಸಮುದಾಯ ವೈದ್ಯಶಾಸ್ತ್ರ ಹಾಗೂ ಸಂಖ್ಯಾಶಾಸ್ತ್ರದ ಅಧ್ಯಾಪಕರು, ಶಿವಮೊಗ್ಗ