ಹಣೆಪಟ್ಟಿ ಅಂಟಿಸುವ ಮುನ್ನ

ಪ್ರಿಯ ಮಿತ್ರ,

ಅಮೆರಿಕದ ಸಂಪ್ರದಾಯಸ್ಥ ಕ್ರೈಸ್ತರ ಬಗ್ಗೆ ನೀವು ಬರೆದ ಕರಡಿನಲ್ಲಿ ‘ಮೂಲಭೂತವಾದಿ’ ಎಂಬ ಪದ ಒಂಬತ್ತು ಸಲ ಬಂದಿದೆ. ಒಂಬತ್ತನ್ನೂ ಅಳಿಸಿ ನೋಡಿ. ಆ ಜಾಗದಲ್ಲಿ ಏನು ಬರೆಯಬೇಕೆಂದು ತೋಚದಿದ್ದರೆ ಆ ಜನರ ಬಗ್ಗೆ ನಿಮಗೆ ಇನ್ನೂ ವಿಷಯ ಸಿಕ್ಕಿಲ್ಲ ಎಂದರ್ಥ.

ಇದರ ಇಂಗ್ಲಿಷ್ ಮೂಲವಾದ ‘ಫಂಡಮೆಂಟಲಿಸ್ಟ್’ ಪದವನ್ನು 1920ರಲ್ಲಿ ಟಂಕಿಸಿದವರು ಕರ್ಟಿಸ್ ಲೀ ಲಾಸ್ ಎಂಬ ಬ್ಯಾಪ್ಟಿಸ್ಟ್ (ಪ್ರಾಟೆಸ್ಟಂಟ್ ಕ್ರೈಸ್ತರ ಒಂದು ಪಂಗಡ) ಪತ್ರಿಕಾ ಸಂಪಾದಕರು. ನಂಬಿಕೆಯ ಮೂಲತತ್ವಗಳನ್ನು ಬಿಡದ ತಮ್ಮ ಬಳಗಕ್ಕೆ ಅವರೇ ಪ್ರೀತಿಯಿಂದ ಇಟ್ಟ ಹೆಸರದು. 1925ರಲ್ಲಿ ವಿಕಾಸವಾದದ ಪಾಠ ಮಾಡಿದ ಶಿಕ್ಷಕ ಸ್ಕೋಪ್ಸ್ ಮೇಲೆ ಟೆನೆಸ್ಸಿಯ ಡೇಟನ್‌ನಲ್ಲಿ ಮೊಕದ್ದಮೆ ನಡೆದಾಗ ಪತ್ರಕರ್ತರ ದಂಡೇ ಅಲ್ಲಿಗೆ ಬಂದಿಳಿಯಿತು. ಬಾಲ್ಟಿಮೋರ್‌ನ ಎಚ್.ಎಲ್. ಮೆಂಕೆನ್ ಆ ಊರಿನ ಭಕ್ತರನ್ನು ಹಳ್ಳಿಗುಗ್ಗುಗಳೆಂದು ಗೇಲಿ ಮಾಡಿದರು. ಹೆಸರು ಬೈಗುಳವಾಗುತ್ತ ಹೋಯಿತು. ಗುಂಪು ತನ್ನನ್ನು ತಾನೇ ಹಾಗೆ ಕರೆದುಕೊಳ್ಳದ ಹೊರತು ಆ ಪದ ಬೇಡ ಎಂದು ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆಯ ಶೈಲಿ ಕೈಪಿಡಿ ಹೇಳುತ್ತದೆ.

ಕನ್ನಡಕ್ಕೆ ತರುವಾಗ ಇನ್ನೊಂದು ಎಡವಟ್ಟು. ‘ಇವಾಂಜೆಲಿಕಲ್’ ಎಂದರೆ ಒಂದು ಬಗೆಯ ನಂಬಿಕೆಯವರು, ಬೈಬಲ್‌ಗೂ ವೈಯಕ್ತಿಕ ಮನಃಪರಿವರ್ತನೆಗೂ ಒತ್ತು ಕೊಡುವ ಪ್ರಾಟೆಸ್ಟಂಟರು. ‘ಇವಾಂಜೆಲಿಸ್ಟ್’ ಎಂದರೆ ಸುವಾರ್ತೆ ಸಾರುವ ಕೆಲಸದವರು. ಎರಡಕ್ಕೂ ‘ಮತಪ್ರಚಾರಕ’ ಎಂದು ಬರೆದರೆ ಲಕ್ಷಾಂತರ ಸಾಮಾನ್ಯ ಭಕ್ತರ ಚಿತ್ರವೇ ಬದಲಾಗುತ್ತದೆ. ಪೆಂಟೆಕೋಸ್ಟಲ್ ಸಭೆಗಳಿಗೆ, ಅಂದರೆ ಆ ಪಂಗಡದ ಚರ್ಚ್ ಸಮುದಾಯಗಳಿಗೆ, ‘ಅನ್ಯಭಾಷೆ’ಯಲ್ಲಿ (ಪ್ರಾರ್ಥನೆಯ ವೇಳೆ ತಾವು ಕಲಿಯದ ನುಡಿಯಲ್ಲಿ) ಮಾತನಾಡುವುದು ಪವಿತ್ರಾತ್ಮನ ವರ. ಫಂಡಮೆಂಟಲಿಸ್ಟರಲ್ಲಿ ಅನೇಕರು ಅದನ್ನು ಒಪ್ಪುವುದಿಲ್ಲ. 1957ರಲ್ಲಿ ಇವಾಂಜೆಲಿಕಲ್ ಬೋಧಕ ಬಿಲ್ಲಿ ಗ್ರಹಾಂ ನ್ಯೂಯಾರ್ಕಿನ ಕೂಟಗಳಿಗೆ ಉದಾರವಾದಿ ಸಭೆಗಳನ್ನೂ ಸೇರಿಸಿಕೊಂಡಾಗ ಅವರ ಮೇಲೆ ಮುರಿದುಬಿದ್ದವರೂ ಇದೇ ಫಂಡಮೆಂಟಲಿಸ್ಟರು. ಎಲ್ಲರನ್ನೂ ಒಂದೇ ಚೀಲಕ್ಕೆ ತುಂಬಿದರೆ ಈ ಜಗಳ ನಿಮ್ಮ ಓದುಗರಿಗೆ ಕಾಣುವುದೇ ಇಲ್ಲ.

1993ರ ಫೆಬ್ರವರಿ 1ರಂದು ವಾಷಿಂಗ್ಟನ್ ಪೋಸ್ಟ್ ತನ್ನ ಸುದ್ದಿಯಲ್ಲಿ ಟಿವಿ ಬೋಧಕರ ಅನುಯಾಯಿಗಳನ್ನು ಬಹುಪಾಲು ಬಡವರು, ಓದಿಲ್ಲದವರು, ಹೇಳಿದಂತೆ ಕೇಳುವವರು ಎಂದು ಬಣ್ಣಿಸಿತು. ಈ ಮಾತಿಗೆ ಆಧಾರವಿಲ್ಲ ಎಂದು ಮರುದಿನವೇ ತಿದ್ದುಪಡಿ ಹಾಕಬೇಕಾಯಿತು. ವರದಿಗಾರನಿಂದ ಹಿಡಿದು ಸಂಪಾದಕರವರೆಗೆ ಯಾರಿಗೂ ಆ ವಾಕ್ಯ ಪುರಾವೆ ಕೇಳುವಂಥದ್ದು ಅನಿಸಲಿಲ್ಲ. ಎಲ್ಲರಿಗೂ ಗೊತ್ತಿರುವುದೇ ಎನ್ನಿಸುವ ವಾಕ್ಯಕ್ಕೇ ಮೊದಲು ಗುರುತು ಹಾಕಿ, ಆಧಾರ ಹುಡುಕಿ.

ಅಂಕಿಗಳಲ್ಲೂ ಎಚ್ಚರ ಬೇಕು. 2016ರ ಮತಗಟ್ಟೆ ಸಮೀಕ್ಷೆಯ ಪ್ರಕಾರ ಟ್ರಂಪ್‌ಗೆ ಮತ ಹಾಕಿದ್ದು ‘ಬಿಳಿಯ’ ಇವಾಂಜೆಲಿಕಲ್ ಮತದಾರರಲ್ಲಿ, ಅದೂ ತಮ್ಮನ್ನು ಹಾಗೆ ಗುರುತಿಸಿಕೊಂಡವರಲ್ಲಿ, ಸುಮಾರು ಶೇ 80 ಮಂದಿ. ಶೀರ್ಷಿಕೆಯಲ್ಲಿ ಆ ‘ಬಿಳಿಯ’ ಬಿಟ್ಟುಹೋದರೆ ಅದೇ ನಂಬಿಕೆಯ ಕಪ್ಪು ಕ್ರೈಸ್ತರು ಲೆಕ್ಕದಿಂದಲೇ ಮಾಯ. ಸೈನಿಕರ ಅಂತ್ಯಕ್ರಿಯೆಯ ಬಳಿ ದ್ವೇಷದ ಫಲಕ ಹಿಡಿದ, ಕಾನ್ಸಾಸ್ ರಾಜ್ಯದ ಟೊಪೀಕಾದ ವೆಸ್ಟ್‌ಬೊರೊ ಬ್ಯಾಪ್ಟಿಸ್ಟ್ ಚರ್ಚ್ ಬಹುಮಟ್ಟಿಗೆ ಒಂದೇ ಕುಟುಂಬದ ಗುಂಪು. ದೊಡ್ಡ ಬ್ಯಾಪ್ಟಿಸ್ಟ್ ಒಕ್ಕೂಟಗಳು ಯಾವುವೂ ಅದರ ಜೊತೆಗಿಲ್ಲ. ಸದಸ್ಯರೆಷ್ಟು, ಯಾವ ಪಂಗಡ, ಯಾರ ಪರವಾಗಿ ಮಾತು, ಈ ಮೂರೂ ಅದೇ ಪ್ಯಾರಾದಲ್ಲಿ ಬರಲಿ.

ಇದೆಲ್ಲ ಮೆತ್ತಗೆ ಬರೆಯಿರಿ ಎಂಬ ಉಪದೇಶವಲ್ಲ. ಸದರ್ನ್ ಬ್ಯಾಪ್ಟಿಸ್ಟ್ ಒಕ್ಕೂಟದಲ್ಲಿ ಪ್ರತಿ ಸಭೆಯೂ ಸ್ವತಂತ್ರ, ಪಾಸ್ಟರನ್ನು ನೇಮಿಸುವುದು ಸಭೆಯೇ. ಈ ಸ್ವಾತಂತ್ರ್ಯವನ್ನೇ ಮುಂದೊಡ್ಡಿ 2008ರಲ್ಲಿ ಒಕ್ಕೂಟ ಲೈಂಗಿಕ ದೌರ್ಜನ್ಯ ಎಸಗಿದವರ ಪಟ್ಟಿ ಮಾಡಲು ನಿರಾಕರಿಸಿತು. ಈ ರಚನೆ ಅರ್ಥವಾಗಿದ್ದ ಹ್ಯೂಸ್ಟನ್ ಕ್ರಾನಿಕಲ್ ಮತ್ತು ಸ್ಯಾನ್ ಆಂಟೋನಿಯೊ ಎಕ್ಸ್‌ಪ್ರೆಸ್-ನ್ಯೂಸ್ ಪತ್ರಿಕೆಗಳು ತಾವೇ ದಾಖಲೆ ಜಾಲಾಡಿ ಪಟ್ಟಿ ಕಟ್ಟಿದವು. 2019ರಲ್ಲಿ ಹೊರಬಿದ್ದ ಲೆಕ್ಕ: ಎರಡು ದಶಕಗಳಲ್ಲಿ ಸುಮಾರು 380 ಆರೋಪಿಗಳು, 700ಕ್ಕೂ ಹೆಚ್ಚು ಸಂತ್ರಸ್ತರು. ಒಕ್ಕೂಟದ ಅಧಿಕಾರಿಗಳು ಗುಟ್ಟಾಗಿ ತಮ್ಮದೇ ಪಟ್ಟಿ ಇಟ್ಟುಕೊಂಡಿದ್ದರು ಎಂಬುದು 2022ರ ತನಿಖೆಯಲ್ಲಿ ಬಯಲಾಯಿತು. ‘ಮತಾಂಧರು’ ಎಂದು ನೂರು ಸಲ ಬರೆದಿದ್ದರೂ ಒಬ್ಬ ಸಂತ್ರಸ್ತೆಯ ದೂರು ಬೆಳಕಿಗೆ ಬರುತ್ತಿರಲಿಲ್ಲ.

ನಂಬಿಕೆಯನ್ನು ವಿವರಿಸುವ ಪ್ಯಾರಾವನ್ನು ಮಾತ್ರ ಆ ಸಭೆಯವರಿಗೆ ಫೋನಿನಲ್ಲಿ ಓದಿ ಹೇಳಿ, ತಪ್ಪಿದ್ದರೆ ತಿದ್ದಿಕೊಳ್ಳಿ. ಆರೋಪಗಳ ಭಾಗಕ್ಕೆ ಅವರ ಉತ್ತರ ಕೇಳಿ, ಒಪ್ಪಿಗೆ ಕೇಳಬೇಡಿ. ನಿಮ್ಮ ನಾಲ್ಕನೇ ಪುಟದ ಪಾಸ್ಟರ್ ಯಾವ ಪಂಗಡದವರು ಎಂಬುದು ಕರಡಿನಲ್ಲಿ ಎಲ್ಲೂ ಇಲ್ಲ. ಅದನ್ನು ಕೇಳಿ ತಿಳಿದುಕೊಂಡು ಮತ್ತೆ ಕಳಿಸಿ.