ಜೆರಾಕ್ಸ್ ಅಂಗಡಿಯಲ್ಲಿ ಸಿಕ್ಕ ಅಣ್ಣನಿಗೆ

ಹೋದ ಶನಿವಾರ ದಾವಣಗೆರೆಯ ಜಯದೇವ ವೃತ್ತದ ಬಳಿಯ ಜೆರಾಕ್ಸ್ ಅಂಗಡಿಯಲ್ಲಿ ಲ್ಯಾಪ್‌ಟಾಪ್ ಹಿಡಿದು ದಿಕ್ಕು ತೋಚದೆ ನಿಂತಿದ್ದೆ. ವಿಂಡೋಸ್ ಜೊತೆಗೆ ಉಬುಂಟು ಎಂಬ ಲಿನಕ್ಸ್ ಕಾರ್ಯಾಚರಣೆ ವ್ಯವಸ್ಥೆಯನ್ನೂ ಹಾಕಿದ್ದೆ, ತೆರೆದರೆ ಪರದೆ ಪೂರ್ತಿ ಕಪ್ಪು. ತಂಗಿಯ ಪ್ರಾಜೆಕ್ಟ್ ವರದಿ ಅದರೊಳಗೇ ಇತ್ತು. ನೀವು ನಿಮ್ಮ ಕಾಗದಗಳನ್ನು ಬದಿಗಿಟ್ಟು ಪಕ್ಕದಲ್ಲಿ ಕುಳಿತಿರಿ.

ಶುರುವಿನಲ್ಲಿ ಯಾವ ವ್ಯವಸ್ಥೆ ತೆರೆಯಬೇಕೆಂದು ಕೇಳುವ ಗ್ರಬ್ ಮೆನುವಿನಲ್ಲಿ ‘ಇ’ ಒತ್ತಿಸಿ, ‘ಲಿನಕ್ಸ್’ ಎಂದು ಶುರುವಾಗುವ ಸಾಲಿನ ಕೊನೆಗೆ ‘ನೋಮೋಡ್‌ಸೆಟ್’ (ಪರದೆಯನ್ನು ಸರಳ ರೀತಿಯಲ್ಲಿ ನಡೆಸು ಎಂಬ ಸೂಚನೆ) ಎಂದು ಬರೆಸಿ, ಎಫ್10 ಒತ್ತಿಸಿದಿರಿ. ಎಲ್ಲವನ್ನೂ ನನ್ನ ಬೆರಳುಗಳಿಂದಲೇ ಮಾಡಿಸಿದಿರಿ. ಅದು ನನಗೆ ಬಹಳ ದೊಡ್ಡದು. ಪರದೆ ಬೆಳಗಿತು. “ಇದು ಈ ಒಂದು ಸಲಕ್ಕೆ ಮಾತ್ರ, ಗ್ರಾಫಿಕ್ಸ್ ಡ್ರೈವರ್, ಅಂದರೆ ಪರದೆಯ ಚಿತ್ರ ಮೂಡಿಸುವ ಭಾಗವನ್ನು ನಡೆಸುವ ತಂತ್ರಾಂಶ, ಹಾಕಲೇಬೇಕು” ಎಂದಿರಿ. ವೈಫೈ ಕೂಡ ಕಾಣುತ್ತಿರಲಿಲ್ಲ. ನಿಮ್ಮ ಮೊಬೈಲನ್ನೇ ಕೇಬಲ್‌ನಿಂದ ಜೋಡಿಸಿ, ಯುಎಸ್‌ಬಿ ಟೆದರಿಂಗ್ ಮೂಲಕ ನಿಮ್ಮದೇ ಡೇಟಾದಲ್ಲಿ ಎರಡೂ ಡ್ರೈವರ್ ಇಳಿಸಿಕೊಟ್ಟಿರಿ.

ವಿಂಡೋಸ್ ಗಡಿಯಾರ ಐದೂವರೆ ಗಂಟೆ ಹಿಂದಿದ್ದುದಕ್ಕೂ ಕಾರಣ ಹೇಳಿದಿರಿ: ಲಿನಕ್ಸ್ ಯಂತ್ರದ ಗಡಿಯಾರದಲ್ಲಿ ಯುಟಿಸಿ, ಅಂದರೆ ನಮ್ಮ ಸಮಯಕ್ಕಿಂತ ಐದೂವರೆ ಗಂಟೆ ಹಿಂದಿರುವ ಜಾಗತಿಕ ಸಮಯ, ಇಡುತ್ತದೆ, ವಿಂಡೋಸ್ ಅದನ್ನೇ ಸ್ಥಳೀಯ ಸಮಯವೆಂದು ಓದುತ್ತದೆ.

ಹೆಸರು ಕೇಳುವಷ್ಟರಲ್ಲಿ ನೀವು ಹರಿಹರದ ಬಸ್ ಹತ್ತಿಯಾಗಿತ್ತು. ವರದಿ ಸೋಮವಾರ ಸಲ್ಲಿಕೆಯಾಯಿತು. ಅಣ್ಣಾ, ತುಂಬಾ ಉಪಕಾರವಾಯಿತು.