ಎಂಬಿಎ ಅಲ್ಲ ಮಾರಾಯ

ಲೋ ಸೀನ,

ಮಗ ಅಮೆರಿಕದಲ್ಲಿ ಎಂಬಿಎ ಮಾಡ್ತಿದ್ದಾನೆ ಅಂತ ನಮ್ಮಮ್ಮ ಸಿಕ್ಕಿದವರಿಗೆಲ್ಲ ಹೇಳುತ್ತಿದ್ದಾಳಂತೆ. ನೀನೂ ನಂಬಿ ಕಂಗ್ರಾಟ್ಸ್ ಕಳಿಸಿದ್ದೀಯ. ನಿನಗೊಬ್ಬನಿಗೇ ಬರೆದರೂ ಸಂಜೆಯೊಳಗೆ ಇಡೀ ಅರಸೀಕೆರೆಗೆ ಗೊತ್ತಾಗುತ್ತೆ, ಅದಕ್ಕೇ ಇಲ್ಲೇ ಹಾಕುತ್ತಿದ್ದೇನೆ. ಭಾವ, ನೀವೂ ಓದಿ.

ಎಂಬಿಎ ಅಲ್ಲ. ಫ್ರೀಮಾಂಟಿನ ಕಮ್ಯುನಿಟಿ ಕಾಲೇಜು, ಜನರಲ್ ಬಿಸಿನೆಸ್, ಎರಡು ವರ್ಷದ ಅಸೋಸಿಯೇಟ್ ಡಿಗ್ರಿ, ಅಂದರೆ ಬ್ಯಾಚಲರ್ ಡಿಗ್ರಿಗಿಂತ ಒಂದು ಮೆಟ್ಟಿಲು ಕೆಳಗಿನದು. ಕ್ಯಾಲಿಫೋರ್ನಿಯಾದಲ್ಲಿ ಇಂಥ ಕಾಲೇಜು 116 ಇವೆ. ಎಂಟ್ರೆನ್ಸೂ ಇಲ್ಲ, ಡೊನೇಶನ್ನೂ ಇಲ್ಲ. ರಾಜ್ಯದ ನಿವಾಸಿ ಅಂತಾದರೆ ಯೂನಿಟ್ಟಿಗೆ (ಕ್ಲಾಸಿನ ಕ್ರೆಡಿಟ್ಟು ಅಂತಿಟ್ಟುಕೋ) 46 ಡಾಲರ್, 60 ಯೂನಿಟ್ ಆದರೆ ಡಿಗ್ರಿ. ಒಟ್ಟು 2,760. ಪುಸ್ತಕದ ಖರ್ಚು ಬೇರೆ.

ಪಕ್ಕದಲ್ಲಿ ಕೂರುವ ಹುಡುಗ ರಾತ್ರಿಯೆಲ್ಲ ಗೋಡೌನಿನಲ್ಲಿ ದುಡಿದು ಅದೇ ಹಳದಿ ಜಾಕೆಟ್ಟಿನಲ್ಲಿ ಕ್ಲಾಸಿಗೆ ಬರುತ್ತಾನೆ. ಡೆಬಿಟ್ಟು ಎಡಕ್ಕೋ ಬಲಕ್ಕೋ ಅಂತ ಅವನು ತಲೆ ಕೆರೆದುಕೊಳ್ಳುವಷ್ಟರಲ್ಲಿ ನಾನು ಎರಡೂ ಕಡೆ ತಾಳೆ ನೋಡಿ ಪೆನ್ನು ಮುಚ್ಚಿರುತ್ತೇನೆ. ಅಪ್ಪನ ಅಂಗಡಿಯಲ್ಲಿ ಕಿರ್ದಿ ಬರೆದ ಕೈ ಅಲ್ವಾ. ಹಾಗಾದರೆ ಬಿ.ಕಾಂ.ನಲ್ಲಿ ಕಾಸ್ಟಿಂಗ್ ಯಾಕೆ ಉಳೀತು ಅಂತ ಕಾಮೆಂಟ್ ಹಾಕಬೇಡ. ಕೊಡೆ ಮೇಷ್ಟ್ರಿಗಂತೂ ಇದನ್ನು ತೋರಿಸಲೇಬೇಡ.

ಮುಂದೆ ಕೆಲಸ ಸಿಗುತ್ತಾ ಅಂತ ಕೇಳಿದ್ದೆ. ಕೌನ್ಸೆಲರ್ ಹೇಳಿದ್ದು ಕೇಳು. ಇದೇ ಥರ ಹೆಸರಿನ ಇನ್ನೊಂದು ಡಿಗ್ರಿ ಇದೆ, ಬಿಸಿನೆಸ್ ಅಡ್ಮಿನಿಸ್ಟ್ರೇಷನ್ ಫಾರ್ ಟ್ರಾನ್ಸ್‌ಫರ್. ಅದನ್ನು ಮುಗಿಸಿದರೆ ಕ್ಯಾಲಿಫೋರ್ನಿಯಾ ಸ್ಟೇಟ್ ಯೂನಿವರ್ಸಿಟಿಯಲ್ಲಿ ಎಲ್ಲೋ ಒಂದು ಕಡೆ ಸೀಟು ಗ್ಯಾರಂಟಿ, 2010ರ ಕಾನೂನು. ಕೇಳಿದ ಊರಿನಲ್ಲೇ ಅಂತ ಮಾತ್ರ ಇಲ್ಲ. ಬರೀ ಜನರಲ್ ಬಿಸಿನೆಸ್‌ಗೆ ಆ ಗ್ಯಾರಂಟಿ ಇಲ್ಲ. ಅದನ್ನಿಟ್ಟುಕೊಂಡು ಬಿಲ್ ಎಂಟ್ರಿ, ಸಂಬಳದ ಲೆಕ್ಕ, ಅಂಗಡಿ ಸೂಪರ್‌ವೈಸರ್, ಇಂಥವಕ್ಕೆ ಪ್ರಯತ್ನಿಸಬಹುದು. ಎಲ್ಲದರಲ್ಲೂ ಸ್ವಲ್ಪ ಸ್ವಲ್ಪ ಕಲಿಸುತ್ತಾರೆ, ಕೆಲಸ ಕೊಡುವವರು ಮಾತ್ರ ಕ್ವಿಕ್‌ಬುಕ್ಸ್ ಅನ್ನೋ ಲೆಕ್ಕದ ಸಾಫ್ಟ್‌ವೇರ್ ಬರುತ್ತಾ ಅಂತ ಒಂದನ್ನೇ ಕೇಳುತ್ತಾರೆ. ಟ್ಯಾಕ್ಸಿನ ಕಡೆ ಎನ್‌ರೋಲ್ಡ್ ಏಜೆಂಟ್ ಅಂತ ಪರೀಕ್ಷೆ ಇದೆ, ಪಾಸಾದವರು ಜನರ ಪರವಾಗಿ ಟ್ಯಾಕ್ಸ್ ಇಲಾಖೆಯ ಜೊತೆ ವ್ಯವಹರಿಸಬಹುದು. ಮೂರು ಪೇಪರ್, ಡಿಗ್ರಿಯೇ ಬೇಡ! ಇದನ್ನು ಮೊದಲೇ ಯಾರೂ ಹೇಳಲ್ಲ ನೋಡು.

ಇಷ್ಟೆಲ್ಲ ಬರೆದೆ, ಆದರೆ ನಾನಿರುವುದು ಎಚ್-4 ವೀಸಾದಲ್ಲಿ, ಅಂದರೆ ಹೆಂಡತಿಯ ಕೆಲಸದ ವೀಸಾದ ಬಾಲ ಹಿಡಿದು ಬಂದ ಗಂಡನ ವೀಸಾ. ಓದಬಹುದು, ದುಡಿಯುವ ಹಾಗಿಲ್ಲ. ಹೆಂಡತಿಯ ಗ್ರೀನ್ ಕಾರ್ಡಿಗೆ ಕಂಪನಿ ಹಾಕುವ ಐ-140 ಅನ್ನೋ ಅರ್ಜಿಯೊಂದು ಮಂಜೂರಾದರೆ ನಾನು ವರ್ಕ್ ಪರ್ಮಿಟ್ಟಿಗೆ ಅರ್ಜಿ ಹಾಕಬಹುದು, 2015ರಿಂದ ಆ ನಿಯಮ ಇದೆ. ಅವಳ ಕಂಪನಿಯವರು ಅದನ್ನಿನ್ನೂ ಶುರುವೇ ಮಾಡಿಲ್ಲ. ಅಲ್ಲಿಗೆ ನನ್ನ ಕೆರಿಯರ್ ನನ್ನ ಮಾರ್ಕ್ಸ್ ಕಾರ್ಡಿನಲ್ಲಿಲ್ಲ, ಅವಳ ಆಫೀಸಿನ ಯಾವುದೋ ಫೈಲಿನಲ್ಲಿದೆ.

ಇದು ಗೊತ್ತಿದ್ದೂ ಯಾಕೆ ಸೇರಿದೆ? ಅವಳ ಸಹೋದ್ಯೋಗಿಗಳ ಮನೆಗೆ ಊಟಕ್ಕೆ ಹೋದಾಗ, ನೀವೇನು ಮಾಡ್ತೀರಿ ಅಂತ ಯಾರಾದರೂ ನನ್ನ ಕೇಳಿಯೇ ಕೇಳುತ್ತಾರೆ. ನಾನು ಬಾಯಿ ತೆರೆಯೋ ಮೊದಲೇ ಅವಳು, "ಓದ್ತಿದ್ದಾರೆ" ಅನ್ನುತ್ತಾಳೆ. ತುಂಬಾ ಬೇಗ ಅನ್ನುತ್ತಾಳೆ ಸೀನ. ಅಲ್ಲಿ ಅಂಗಡಿಯಲ್ಲಿ ಕೂತಾಗ ನನ್ನನ್ನು ಯಾರೂ ಹಾಗೆ ಕೇಳಿರಲಿಲ್ಲ. ಡಿಗ್ರಿ ಮುಗಿದ ಮೇಲೆ ಅವಳು ಏನಂತ ಹೇಳುತ್ತಾಳೋ ಅನ್ನೋ ಭಯಕ್ಕೆ, ಮುಂದಿನ ಸೆಮಿಸ್ಟರ್‌ನಲ್ಲಿ ಬೇಕಿಲ್ಲದ ಒಂದು ಕ್ಲಾಸು ಸೇರಿಸಿಕೊಂಡು ಬಿಸಿನೆಸ್ಸಿನ ಒಂದನ್ನು ಮುಂದಕ್ಕೆ ಹಾಕಿದ್ದೇನೆ.

ಯಾವ ಕ್ಲಾಸು ಗೊತ್ತಾ? ಸೆರಾಮಿಕ್ಸ್. ಮಡಕೆ ಮಾಡೋದು! ನಗು, ನಗು. ಊರಿಗೆ ಬಂದಾಗ ನಿನ್ನ ಹೆಂಡತಿಗೊಂದು ಕುಡಿಕೆ ತರುತ್ತೇನೆ, ಸೋರಿದರೆ ವಾಪಸ್ ತಗೊಳ್ಳಲ್ಲ. ನನ್ನವಳಿಗೆ ಕನ್ನಡ ಓದೋದು ಸ್ವಲ್ಪ ನಿಧಾನ, ಇಲ್ಲೀತನಕ ಬರೋಷ್ಟರಲ್ಲಿ ನಾನು ಮಲಗಿರ್ತೀನಿ.

ಇಂತಿ,
ನಿನ್ನ ಕಾಸ್ಟಿಂಗ್ ಪಂಡಿತ